ಎರಡನೇ ಬಾಟಲಿ

ಅಕ್ಕನ ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಲಿಲ್ಲ, ತವರೇ ಅವಳ ಮನೆಗೆ ಹೋಯಿತು. ತವರು ಎಂದರೆ ನಾನೊಬ್ಬಳೇ. ಅಮ್ಮ ತೀರಿಕೊಂಡಿದ್ದಳು. ಅಮ್ಮನಿಲ್ಲದ ಮನೆಗೆ ಬಸುರಿಯನ್ನು ಕರೆತರಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. "ನೀನೇ ಹೋಗಿ ಅವಳ ಜೊತೆ ಇರು" ಎಂದು ಬಸ್ಸು ಹತ್ತಿಸಿದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನನಗೆ ಹತ್ತೊಂಬತ್ತು ವರ್ಷ. ಆಗ ನಾನು ಕಂಡದ್ದನ್ನು ಕಂಡಷ್ಟೇ ಬರೆಯಲು ನೋಡುತ್ತೇನೆ. ಕಾಣದೇ ಇದ್ದದ್ದನ್ನು ಯಾರು ಹೇಳಿದರು ಎಂದೂ ಹೇಳುತ್ತೇನೆ.

ಮನೆ ಪೀಣ್ಯದಲ್ಲಿತ್ತು, ಸಣ್ಣ ಕಾರ್ಖಾನೆಗಳ ಶೆಡ್ಡುಗಳ ಸಾಲು ಮುಗಿದು ರಾಗಿ ಹೊಲ ಶುರುವಾಗುವ ಕಡೆ. ಹೊಲ ಮನೆಯೊಡತಿಯದು. ಅವಳ ಜಮೀನಿನ ಬಹುಪಾಲು ಕಾರ್ಖಾನೆಗಳಿಗೆ ಹೋಗಿತ್ತು. ಉಳಿದದ್ದರ ಒಂದು ಅಂಚಿನಲ್ಲಿ ಶೀಟು ಹೊದಿಸಿದ ಮನೆಗಳ ಸಾಲೊಂದನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ಬೆಳಿಗ್ಗೆ ಎಮ್ಮೆ ಕರೆದು ಬಾಡಿಗೆಯವರಿಗೆಲ್ಲ ಹಾಲು ಹಾಕುವವಳೂ ಅವಳೇ. ಮನೆ ಮುಂದಿನ ದಾರಿಯಲ್ಲಿ ಲೇತ್ ಯಂತ್ರಗಳಿಂದ ಉದುರಿದ ಕಬ್ಬಿಣದ ಸುರುಳಿಗಳು ಬಿದ್ದಿರುತ್ತಿದ್ದವು. ಬರಿಗಾಲಲ್ಲಿ ಹೊರಗೆ ಕಾಲಿಡುವ ಹಾಗಿರಲಿಲ್ಲ.

ಭಾವ ಒಂದು ಶೆಡ್ಡಿನಲ್ಲಿ ಇನ್‌ಸ್ಪೆಕ್ಟರ್. ಪೊಲೀಸಲ್ಲ; ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ, ಇಲ್ಲವೇ ತಿರಸ್ಕರಿಸುವ ಕೆಲಸ. ಅವರ ಶೆಡ್ಡಿನ ಮಾಲು ದೊಡ್ಡ ಸರ್ಕಾರಿ ಕಾರ್ಖಾನೆಗೆ ಹೋಗುತ್ತಿತ್ತು. ಒಂದು ಕೂದಲೆಳೆ ವ್ಯತ್ಯಾಸವಾದರೂ ಇಡೀ ಲಾರಿ ವಾಪಸ್ಸು. ಹಾಗಾಗಿ ಅವರು ಯಾವುದನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾಗಿದ್ದರೂ ಮೊದಲು ಚಮಚೆಯನ್ನು ತಿರುಗಿಸಿ ನೋಡುವವರು. "ಅಳತೆ ತಪ್ಪು ಬಂತು ಅಂದ್ರೆ ಮೊದ್ಲು ಗೇಜ್ ನೋಡ್ಬೇಕು, ಆಮೇಲೆ ಪೀಸ್ ನೋಡ್ಬೇಕು" ಎನ್ನುತ್ತಿದ್ದರು. ಗೇಜ್ ಎಂದರೆ ಅಳೆಯುವ ಸಾಧನ, ಪೀಸ್ ಎಂದರೆ ಅಳೆಸಿಕೊಳ್ಳುವ ವಸ್ತು. ಹೊಸ ಹುಡುಗರು ಚೆನ್ನಾಗಿರುವ ಪೀಸನ್ನು ಎಸೆದುಬಿಡುತ್ತಾರೆ, ತಪ್ಪು ಗೇಜಿನದಾಗಿರುತ್ತದೆ ಎಂದು ಅವರ ದೂರು.

ನಾನು ಹೋದಾಗ ಅಕ್ಕನಿಗೆ ಆರು ತಿಂಗಳು. ಮೊದಲ ಬೆಳಿಗ್ಗೆಯೇ ಅವಳ ಮುಖ ನನಗೆ ಬೇರೆಯಾಗಿ ಕಂಡಿತು. ರೆಪ್ಪೆಗಳು ಊದಿದ್ದವು, ರಾತ್ರಿಯೆಲ್ಲ ಅತ್ತವಳ ಹಾಗೆ. ಮಧ್ಯಾಹ್ನದ ಹೊತ್ತಿಗೆ ಮುಖ ಇಳಿದು, ಆ ಊತವೆಲ್ಲ ಪಾದಕ್ಕೆ ಬಂದಿರುತ್ತಿತ್ತು. ಸಂಜೆ ಅವಳ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಗೀರು ಬಿಟ್ಟಿರುತ್ತಿತ್ತು.

ಮನೆಯೊಡತಿಗೆ ಇದು ಸಂತೋಷದ ವಿಷಯ. "ಮೊಕ ಎಂಗೆ ತುಂಬ್ಕಂಡದೆ ನೋಡು ತಾಯಿ! ಬಸ್ರಿ ಎಂಗ್ಸು ಊದ್ಕಳ್ದೆ ಒಣಕ್ಕಂಡಿರ್ತಾಳಾ? ನಾನು ನನ್ನ ದೊಡ್ಡ ಮಗನ್ನ ಹೊತ್ತಿದ್ದಾಗ ಕಾಲು ಕಂಬ ಆಗಿತ್ತು, ಕಂಬ!"

"ನಿಮ್ಮ ಕಾಲು ಈಗ್ಲೂ ಕಂಬದ ಥರಾನೇ ಇದೆಯಲ್ಲಮ್ಮಾ" ಎಂದಳು ಅಕ್ಕ.

"ಓಗೆಲೇ, ಬಾಯಿಬಡುಕಿ!" ಎಂದು ಅವಳು ನಕ್ಕು ಹಾಲಿನ ಅಳತೆಗಿಂತ ಒಂದು ಗುಟುಕು ಹೆಚ್ಚೇ ಸುರಿದು ಹೋದಳು.

ಇನ್ನೊಂದು ಸಂಗತಿ ಇತ್ತು. ಅದನ್ನು ಅಕ್ಕ ನನಗೆ ಮಾತ್ರ ಹೇಳಿದಳು, ಅದೂ ಕೇಳುವ ರೂಪದಲ್ಲಿ. ನಮ್ಮ ಬಚ್ಚಲಿನಲ್ಲೇ ಸ್ನಾನ, ಬಟ್ಟೆ ಒಗೆಯುವುದು, ಎಲ್ಲ. ಒಂದು ಬೆಳಿಗ್ಗೆ ಹೊರಬಂದು, "ನೀನು ಬಟ್ಟೆಗೆ ಸೋಪು ಹಾಕಿಟ್ಟಿದ್ಯೇನೇ?" ಎಂದಳು. ಇಲ್ಲ ಎಂದೆ. "ನೊರೆ ನಿಂತುಬಿಡ್ತದೆ. ನೀರು ಹಾಕಿದ್ರೂ ಹೋಗಲ್ಲ" ಎಂದಳು. ನಾನು ಹೋಗಿ ನೋಡಿದೆ. ಕಲ್ಲಿನ ಮೇಲೆ, ತೂಬಿನ ಬಾಯಲ್ಲಿ, ಹಾಲು ಉಕ್ಕಿದಾಗ ಅಂಚಿಗೆ ಅಂಟುವಂಥ ಸಣ್ಣ ಬಿಳಿ ನೊರೆ. ಹಿಂದಿನ ದಿನದ ಸೋಪಿನದೇ ಇರಬೇಕು ಎಂದುಕೊಂಡೆವು. ಬಟ್ಟೆ ಒಗೆಯುವ ಬಚ್ಚಲಿನಲ್ಲಿ ನೊರೆ ಕಂಡರೆ ಅದು ಮೂತ್ರದ್ದೆಂದು ಯಾರಿಗೆ ತಾನೇ ಅನುಮಾನ ಬರುತ್ತದೆ?

ಏಳನೇ ತಿಂಗಳಿನಲ್ಲಿ ಯಶವಂತಪುರದ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿನ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ, ಕೈ ಬಿರುಸು. ಬೆಳಗಿನ ಮೂತ್ರ ತನ್ನಿ ಎಂದು ಮೊದಲೇ ಹೇಳಿ ಕಳಿಸಿದ್ದರು. ಅಕ್ಕ ಟಾನಿಕ್ಕಿನ ಹಳೆಯ ಬಾಟಲಿಯೊಂದನ್ನು ತೊಳೆದು ತುಂಬಿಸಿ, ಅದಕ್ಕೆ ಬಟ್ಟೆ ಸುತ್ತಿ, ತರಕಾರಿ ಚೀಲದ ತಳದಲ್ಲಿಟ್ಟು, ಮೇಲೊಂದು ಸೊಪ್ಪಿನ ಕಟ್ಟು ಮುಚ್ಚಿದ್ದಳು. ಬಸ್ಸಿನಲ್ಲಿ ಶೆಡ್ಡಿನ ಹುಡುಗರೆಲ್ಲ ಇರುತ್ತಾರಲ್ಲ, ಆ ನಾಚಿಕೆಗೆ.

ಪರದೆಯ ಹಿಂದೆ ಕಾಂಪೌಂಡರು ಸ್ಪಿರಿಟ್ ದೀಪ ಹಚ್ಚಿದ. ಪರದೆ ಅರ್ಧ ಸರಿದಿತ್ತು, ನನಗೆ ಕಾಣುತ್ತಿತ್ತು. ಗಾಜಿನ ಕೊಳವೆಯಲ್ಲಿ ಮೂತ್ರ ಹಾಕಿ ಮೇಲಿನ ಭಾಗವನ್ನಷ್ಟೇ ಉರಿಗೆ ಹಿಡಿದ. ಕುದಿ ಬರುತ್ತಿದ್ದ ಹಾಗೆ ಅಲ್ಲಿ ಮೋಡ ಕಟ್ಟಿದಂತಾಯಿತು. ಅವನು ಹುಳಿಯಂಥ ವಾಸನೆಯ ಏನನ್ನೋ ಎರಡು ತೊಟ್ಟು ಹಾಕಿದ. ಮೋಡ ಹೋಗಲಿಲ್ಲ, ದಪ್ಪವಾಯಿತು. ಕೊಳವೆಯ ಕೆಳಭಾಗ ತಿಳಿಯಾಗಿ, ಮೇಲ್ಭಾಗ ಒಡೆದ ಹಾಲಿನ ಹಾಗೆ ಇತ್ತು.

"ಪ್ರೋಟೀನ್ ಹೋಗ್ತಿದೆ" ಎಂದರು ಡಾಕ್ಟರು. "ಕಿಡ್ನಿ ಅನ್ನೋದು ಜರಡಿ ಇದ್ದ ಹಾಗೆ. ಕೊಳೆ ಹೊರಗೆ ಬಿಟ್ಟು ಸತ್ವ ಒಳಗಿಟ್ಕೋಬೇಕು. ಇವರದ್ದು ಸತ್ವಾನೂ ಬಿಡ್ತಿದೆ. ಬಿ.ಪಿ. ಕೂಡ ಸ್ವಲ್ಪ ಜಾಸ್ತಿ ಇದೆ. ಉಪ್ಪು ಕಮ್ಮಿ ಮಾಡಿ, ಮಲಗಿರ್ಲಿ, ಎಡಮಗ್ಗುಲಲ್ಲಿ. ಮುಂದಿನ ವಾರ ಮತ್ತೆ ಮೂತ್ರ ತನ್ನಿ. ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು."

ಭಾವ ಕೇಳಿದ ಮೊದಲ ಪ್ರಶ್ನೆ ನನಗೆ ನೆನಪಿದೆ. "ಬಾಟ್ಲಿ ಯಾವುದು?"

"ಟಾನಿಕ್ಕಿಂದು" ಎಂದಳು ಅಕ್ಕ.

"ಅದೇ ಮತ್ತೆ" ಎಂದರು ಭಾವ. ಅವರ ಮುಖ ಸಡಿಲಾಯಿತು.

ಇದನ್ನು ಓದುವವರು ಭಾವನನ್ನು ಉದಾಸೀನದ ಮನುಷ್ಯ ಎಂದು ತಿಳಿಯಬಾರದು. ಉದಾಸೀನದವನಾಗಿದ್ದರೆ ಮುಂದಿನದು ಆಗುತ್ತಲೇ ಇರಲಿಲ್ಲ. ಆ ವಾರ ಅವರು ಒಂದು ಹೊಸ ಗಾಜಿನ ಬಾಟಲಿ ತಂದರು, ಕಿರಿದಾದ ಕತ್ತಿನದು. ಅದನ್ನು ಮನೆಯಲ್ಲಿ ತೊಳೆಯಲು ಬಿಡಲಿಲ್ಲ. ಬೂದಿಯ ಕಣ, ಸೀಗೆಪುಡಿ, ಕೈಯ ಜಿಡ್ಡು, ಯಾವುದೂ ತಾಗಬಾರದು ಎಂದು ಕೆಲಸಕ್ಕೆ ತೆಗೆದುಕೊಂಡು ಹೋದರು. ಅವರ ಪಕ್ಕದ ಶೆಡ್ಡು ಪ್ಲೇಟಿಂಗಿನದು, ಲೋಹಕ್ಕೆ ಹೊಳಪಿನ ಲೇಪ ಹಾಕುವ ಕಡೆ. ಲೇಪ ಹಿಡಿಯಬೇಕಾದರೆ ಲೋಹದ ಮೇಲೆ ಜಿಡ್ಡಿನ ಲೇಶವೂ ಇರಬಾರದು. ಅದಕ್ಕೆ ಕಾಸ್ಟಿಕ್ ಸೋಡಾ ಕರಗಿಸಿದ ಬಿಸಿ ತೊಟ್ಟಿ, ಅದರ ಪಕ್ಕದಲ್ಲಿ ಜಾಲಿಸುವ ನೀರಿನ ತೊಟ್ಟಿ. ಭಾವನ ಗೆಳೆಯನೊಬ್ಬ ಪಾಳಿ ಮುಗಿಯುವ ಹೊತ್ತಿಗೆ ಬಾಟಲಿಯನ್ನು ಎರಡರಲ್ಲೂ ಮುಳುಗಿಸಿ ತೆಗೆದು, ಒಣಗಿಸಿ, ಕಾಗದದ ಬಿರಡೆ ಇಟ್ಟುಕೊಟ್ಟ. ಇದನ್ನು ನಾನು ಕಂಡಿಲ್ಲ, ಭಾವ ಆಮೇಲೆ ಹೇಳಿದ್ದು. ದಿನವಿಡೀ ಮಾಲು ಅದ್ದಿ ಅದ್ದಿ, ಪಾಳಿ ಮುಗಿಯುವಾಗ ಜಾಲಿಸುವ ನೀರೂ ಅರ್ಧ ಕಾಸ್ಟಿಕ್ಕೇ ಆಗಿರುತ್ತದೆ ಎನ್ನುವುದು ಅವರಿಬ್ಬರಿಗೂ ಗೊತ್ತಿದ್ದ ವಿಷಯವೇ. ಲೋಹಕ್ಕೆ ಅದರಿಂದ ತೊಂದರೆಯಿಲ್ಲ, ಮುಂದೆ ಆಸಿಡ್ಡಿನ ತೊಟ್ಟಿ ಇರುತ್ತದೆ. ಬಾಟಲಿಗೆ ಆ ಮುಂದಿನ ತೊಟ್ಟಿ ಇರಲಿಲ್ಲ.

ಬಾಟಲಿ ಸಂಜೆಯ ಬೆಳಕಿನಲ್ಲಿ ಫಳಫಳ ಅನ್ನುತ್ತಿತ್ತು. "ಈಗ ನೋಡು. ನೀರು ಕೂಡ ಮುಟ್ಟಿಸ್ಬೇಡಿ" ಎಂದು ಭಾವ ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಇಟ್ಟರು. ಆಮೇಲೆ ಅದು ಯಾತಕ್ಕೆಂದು ನೆನಪಾಗಿ ತೆಗೆದು ಕಿಟಕಿಯಲ್ಲಿಟ್ಟರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಎರಡನೇ ಬಾಟಲಿ ಕೊಡಲು ಭಾವ ಮತ್ತು ನಾನು ಹೋದ ದಿನ ಡಾಕ್ಟರು ಇರಲಿಲ್ಲ, ಯಾವುದೋ ಹೆರಿಗೆಗೆ ಹೋಗಿದ್ದರು. ಕಾಂಪೌಂಡರೇ ಪರೀಕ್ಷೆ ಮಾಡಿದ. ನಾನು ಮತ್ತೆ ಅದೇ ಕಡೆ ನಿಂತು ನೋಡಿದೆ. ಮೂತ್ರ ಕುದಿಯಿತು. ಗುಳ್ಳೆ ಎದ್ದವು. ಬೇರೇನೂ ಆಗಲಿಲ್ಲ. ತೊಟ್ಟು ಹಾಕಿದ, ಆಗಲೂ ಏನೂ ಇಲ್ಲ. ಕೊಳವೆ ಮೇಲಿಂದ ಕೆಳಗಿನವರೆಗೆ ತಿಳಿ. ಅವನು ಬೆಳಕಿಗೆ ಹಿಡಿದು ತಿರುಗಿಸಿ, "ಏನೂ ಇಲ್ಲ ಸಾರ್, ಕ್ಲಿಯರ್" ಎಂದ.

ಭಾವ ನನ್ನ ಕಡೆ ತಿರುಗಿ ಎರಡೂ ಕೈ ಅಗಲಿಸಿದರು. ಹೇಳಲಿಲ್ಲವಾ ನಾನು, ಎನ್ನುವ ಹಾಗೆ. ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡರು. ಅಕ್ಕ ಅಂದು ಎಡಮಗ್ಗುಲು ಬಿಟ್ಟು ಎದ್ದು ಅಡುಗೆ ಮಾಡಿದಳು. ಉಪ್ಪಿಲ್ಲದ ಸಾರು ಅಲ್ಲಿಗೆ ನಿಂತಿತು.

ಎಂಟನೇ ತಿಂಗಳು ಹಿಡಿದ ಮೇಲೆ ಮನೆಯೊಡತಿ ತಾನೇ ಮುಂದೆ ನಿಂತು ಬಳೆ ತೊಡಿಸುವ ಶಾಸ್ತ್ರ ಮಾಡಿಸಿದಳು. "ತಾಯಿ ಇಲ್ದ ಮಗಳು, ಮಡ್ಲು ತುಂಬ್ದೆ ಇರಕ್ಕಾಯ್ತದಾ?" ಎಂದು. ಬಳೆಗಾರ ಅಕ್ಕನ ಕೈ ಹಿಡಿದು ನೋಡಿ ಒಂದು ಅಳತೆ ತೆಗೆದ. ಅದು ಹೆಬ್ಬೆರಳಿನ ಬುಡ ದಾಟಲಿಲ್ಲ. ದೊಡ್ಡದು ತೆಗೆದ. ಅದೂ ಅಲ್ಲಿಗೇ ನಿಂತಿತು. "ಕೈ ಮೆತ್ತಗೈತೆ, ಆದ್ರೆ ಬಗ್ಗಾಕಿಲ್ಲ ಅಂತೈತೆ" ಎಂದು ಅವನು ಎಲ್ಲಕ್ಕಿಂತ ದೊಡ್ಡ ಬಳೆ ತೆಗೆದು ಸೋಪಿನ ನೀರು ಸವರಿ ಹಾಕಿದ. ಹೆಂಗಸರು ಹಾಡಿದರು. ಹಪ್ಪಳ, ಉಪ್ಪಿನಕಾಯಿ, ಪುಳಿಯೋಗರೆ, ಐದು ಬಗೆಯ ಚಿತ್ರಾನ್ನ. ಅಕ್ಕ ಎಲ್ಲವನ್ನೂ ತಿಂದಳು. ಬಹಳ ದಿನದಿಂದ ಬಾಯಿ ಚಪ್ಪೆಯಾಗಿತ್ತು ಅವಳಿಗೆ.

ಅದಾದ ಮೇಲೆ ತಲೆನೋವು ಶುರುವಾಯಿತು. ಮೊದಲು ಮಧ್ಯಾಹ್ನ ಮಾತ್ರ, ಆಮೇಲೆ ಎದ್ದಾಗಿನಿಂದ ಮಲಗುವವರೆಗೆ. ಅಮೃತಾಂಜನದ ಬಾಟಲಿ ಖಾಲಿಯಾಯಿತು. ಹೊಟ್ಟೆಗಿಂತ ಕಾಲು ಭಾರ ಎನ್ನುತ್ತಿದ್ದಳು. ಬಚ್ಚಲಿಗೆ ಹೋಗಿ ಬಂದವಳು ಬಾಗಿಲಲ್ಲೇ ನಿಂತು, "ಎಷ್ಟೊತ್ತು ಕೂತ್ರೂ ಒಂದು ಲೋಟ ಆಗಲ್ಲ ಕಣೇ" ಎಂದಳು. ಒಂದು ದಿನ ಅಕ್ಕಿ ಆರಿಸುತ್ತ ಮೊರದ ಮೇಲೆ ಕೈ ಬೀಸಿದಳು. ಏನು ಎಂದೆ. "ನೊಣ" ಎಂದಳು. ನೊಣ ಇರಲಿಲ್ಲ. ಕಣ್ಣ ಮುಂದೆ ಚುಕ್ಕೆಗಳು ಹಾರಾಡುತ್ತಿದ್ದವು.

ಅಂದು ಸಂಜೆ ಭಾವ ಬಂದಾಗ ಹೇಳಿದೆ. ಅವರು ಅಕ್ಕನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ. ಮೂತ್ರ ಕ್ಲಿಯರ್ ಬಂದಿದೆಯಲ್ಲ" ಎಂದರು. ಅವರಿಗೂ ಹೆದರಿಕೆ ಇತ್ತು. ದನಿಯಲ್ಲಿ ಕೇಳುತ್ತಿತ್ತು. ಆದರೆ ಹಿಡಿದುಕೊಳ್ಳಲು ಆ ಒಂದು ತಿಳಿ ಕೊಳವೆ ಇತ್ತು, ಹಿಡಿದುಕೊಂಡಿದ್ದರು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೂಗಲಿಲ್ಲ, ಅಳಲಿಲ್ಲ. "ನಿಮ್ಮ ಗೇಜ್ ಸರಿಯಾಗೇ ಇರಬಹುದು ರೀ" ಎಂದಳು. "ಆದ್ರೆ ನನ್ನ ಕಾಲು ನಿಮ್ಮ ಚಪ್ಪಲಿಗೂ ಹೋಗ್ತಿಲ್ಲ. ನಾಳೆ ಬೆಳಿಗ್ಗೆ ನನ್ನನ್ನ ಕರ್ಕೊಂಡು ಹೋಗಿ."

ಬೆಳಿಗ್ಗೆ ಹೋದೆವು. ಭಾವ ಅದೇ ಹೊಸ ಬಾಟಲಿಯನ್ನು ಮೊದಲೇ ಮತ್ತೆ ಅದೇ ಗೆಳೆಯನಿಂದ ಅದ್ದಿಸಿ ಇಟ್ಟಿದ್ದರು. ಅದರಲ್ಲೇ ತುಂಬಿಸಿಕೊಂಡು ಹೋಗಿದ್ದೆವು. ಈ ಸಲ ಡಾಕ್ಟರು ಇದ್ದರು. ಕಾಂಪೌಂಡರು ಕೊಳವೆ ಕುದಿಸಿ, "ಕ್ಲಿಯರ್ ಮೇಡಂ" ಎಂದ.

ಡಾಕ್ಟರು ಅವನ ಕಡೆ ನೋಡಲಿಲ್ಲ. ಅಕ್ಕನ ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. ಬೆರಳು ತೆಗೆದ ಮೇಲೆ ಅಲ್ಲೊಂದು ಕುಳಿ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿಯುವ ಹಾಗೆ. ಅದು ತುಂಬಿಕೊಳ್ಳಲಿ ಎಂದು ನಾನು ಕಾದೆ. ತುಂಬಿಕೊಳ್ಳಲಿಲ್ಲ. ಬಿ.ಪಿ. ನೋಡುವ ಪಟ್ಟಿಯನ್ನು ಡಾಕ್ಟರು ಎರಡು ಸಲ ಸುತ್ತಿದರು. ಎರಡನೇ ಸಲ ಅವರ ತುಟಿ ಬಿಗಿಯಾಯಿತು.

"ಕಾಲು ಒಂದು ಹೇಳ್ತಿದೆ, ಕೊಳವೆ ಇನ್ನೊಂದು ಹೇಳ್ತಿದೆ" ಎಂದರು. "ಆ ಬಾಟ್ಲಿ ಕೊಡಿ ಇಲ್ಲಿ."

ಬಾಟಲಿಯ ಬಾಯನ್ನು ಬೆರಳಿನಿಂದ ಸವರಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. ಸೋಪು ಮುಟ್ಟಿದ ಹಾಗೆ ಜಾರಿತೇನೋ, ಮತ್ತೆ ಉಜ್ಜಿದರು. ಮೇಜಿನ ಖಾನೆಯಿಂದ ಕೆಂಪು ಲಿಟ್ಮಸ್ ಕಾಗದದ ಪಟ್ಟಿಯೊಂದನ್ನು ತೆಗೆದು ಒಳಗೆ ಅದ್ದಿದರು. ಹೊರಗೆ ಬಂದಾಗ ಅದು ಗಾಢ ನೀಲಿಯಾಗಿತ್ತು.

"ಇದನ್ನ ಏತರಲ್ಲಿ ತೊಳೆದ್ರಿ?"

ಭಾವ ಹೇಳಿದರು. ಹೆಮ್ಮೆಯಿಂದಲೇ ಶುರುಮಾಡಿದರು: ಬಿಸಿ ತೊಟ್ಟಿ, ಜಿಡ್ಡಿನ ಲೇಶವೂ ಇರದ ಹಾಗೆ... ಹೇಳುತ್ತ ಹೇಳುತ್ತ ಡಾಕ್ಟರ ಮುಖ ನೋಡಿದರು. ಕಾಸ್ಟಿಕ್ ಎನ್ನುವ ಮಾತು ಅರ್ಧಕ್ಕೇ ನಿಂತಿತು.

"ಕಾಸ್ಟಿಕ್ ಇದ್ರೆ ಪ್ರೋಟೀನ್ ಕರಗೇ ಇರುತ್ತೆ ಕಣ್ರೀ. ಎಷ್ಟು ಕುದಿಸಿದ್ರೂ ಹೆಪ್ಪುಗಟ್ಟಲ್ಲ. ಎರಡು ತೊಟ್ಟು ಆಸಿಡ್ ಸಾಕಾಗಲ್ಲ ಇದಕ್ಕೆ." ಕಾಂಪೌಂಡರ ಕಡೆ ತಿರುಗಿದರು. "ನಿಂಗೂ ಅಷ್ಟೇ, ಕಾಗದ ಅದ್ದಿ ನೋಡೋಕೇನಾಗಿತ್ತು?" ಬೈಯುವುದಕ್ಕೂ ಅವರಿಗೆ ಹೊತ್ತಿರಲಿಲ್ಲ. ಸ್ಟೀಲ್ ಲೋಟವೊಂದನ್ನು ಅಕ್ಕನ ಕೈಗಿತ್ತು ಬಚ್ಚಲಿಗೆ ಕಳಿಸಿದರು. ಅಕ್ಕ ಬಹಳ ಹೊತ್ತಿನ ಮೇಲೆ ತಳ ಮುಚ್ಚುವಷ್ಟು ತಂದಳು. ಡಾಕ್ಟರೇ ಕುದಿಸಿದರು. ಉರಿಗೆ ಹಿಡಿದು ಉಸಿರು ಬಿಡುವಷ್ಟರಲ್ಲಿ ಕೊಳವೆಯಲ್ಲಿ ಮೊಟ್ಟೆಯ ಬಿಳಿ ಬೆಂದ ಹಾಗಾಯಿತು. ಕೊಳವೆಯನ್ನು ಬಗ್ಗಿಸಿದರು. ಒಳಗಿನದು ಜಾರಲಿಲ್ಲ.

"ಈಗಲೇ ದೊಡ್ಡಾಸ್ಪತ್ರೆಗೆ" ಎಂದರು. ಒಂದು ಸೂಜಿ ಹಾಕಿದರು. ಕರವಸ್ತ್ರವನ್ನು ಗಟ್ಟಿಯಾಗಿ ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟರು. "ದಾರೀಲಿ ಫಿಟ್ಸ್ ಬಂದ್ರೆ ಎಡಕ್ಕೆ ಹೊರಳಿಸು, ಇದನ್ನ ಹಲ್ಲಿನ ಮಧ್ಯೆ ಇಡು. ಕೂಗಾಡ್ಬೇಡ. ತಿಳೀತಾ?"

ಆಟೋದಲ್ಲಿ ಅಕ್ಕ ನನ್ನ ತೊಡೆಯ ಮೇಲೆ ಮಲಗಿದಳು. ಭಾವ ಮುಂದೆ, ಡ್ರೈವರಿನ ಸೀಟಿನ ಅಂಚಿನಲ್ಲಿ ಒಂದು ಕಡೆ ಜೋತುಕೊಂಡಿದ್ದರು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಒಂದೊಂದೇ ಡಬ್ಬಿ ನಿಧಾನವಾಗಿ ಬಂದು, ನಡುವೆ ನಿಂತು, ಮತ್ತೆ ಹೊರಟಿತು. ಲಾರಿಯವರು ಇಂಜಿನ್ ಆರಿಸಿ ಬೀಡಿ ಹಚ್ಚಿದರು. ಭಾವ ಇಳಿದು ಗೇಟಿನ ಕಂಬಿ ಹಿಡಿದು ನಿಂತರು. ಡ್ರೈವರು, "ಏನ್ ಸಾರ್, ತಳ್ತೀರಾ ಗಾಡೀನಾ?" ಎಂದ. ಆಮೇಲೆ ಹಿಂದಕ್ಕೆ ತಿರುಗಿ ಅಕ್ಕನ ಮುಖ ನೋಡಿದ. "ಸಾರಿ ಅಣ್ಣ" ಎಂದು ಮೆಲ್ಲಗೆ ಹೇಳಿ ಓಡುತ್ತಿದ್ದ ಮೀಟರನ್ನು ನಿಲ್ಲಿಸಿದ.

ನಾನು ಅಕ್ಕನ ತುಟಿಯನ್ನೇ ನೋಡುತ್ತಿದ್ದೆ. ಅದು ಅದುರಿದರೆ ಸುರುಳಿ ಇಡಬೇಕು. ಒಮ್ಮೆ ಅದುರಿತು. ಕೈ ಎತ್ತಿದೆ. ಅವಳು ಕಣ್ಣು ಬಿಟ್ಟು, "ಬಾಯಾರಿಕೆ" ಎಂದಳು, ಅಷ್ಟೇ.

ದೊಡ್ಡಾಸ್ಪತ್ರೆಯಲ್ಲಿ ಬೆಳಕು ಬೀಳದ ಮೂಲೆಯ ಮಂಚ ಕೊಟ್ಟರು. ಸುತ್ತ ಪರದೆ. ಗದ್ದಲ ಆಗಬಾರದು, ಬೆಳಕು ಬೀಳಬಾರದು, ಫಿಟ್ಸ್ ಬರುತ್ತದೆ. ಒಂದು ದಿನದ ಮೂತ್ರವನ್ನೆಲ್ಲ ಜಾಡಿಯಲ್ಲಿ ಕೂಡಿಸಿದರು. ಅದರಿಂದ ಸ್ವಲ್ಪವನ್ನು ಗೆರೆ ಕೊರೆದ ಗಾಜಿನ ನಳಿಗೆಯಲ್ಲಿ ಹಾಕಿ, ಅರಿಶಿನ ಬಣ್ಣದ ದ್ರಾವಣ ಬೆರೆಸಿ, ಅಲುಗಿಸದೆ ಒಂದು ದಿನ ನಿಲ್ಲಿಸಿದರು. ಪ್ರೋಟೀನೆಲ್ಲ ಕೆಳಗೆ ಇಳಿದು ಕೂರುತ್ತದೆ. ಎಷ್ಟನೇ ಗೆರೆವರೆಗೆ ಕೂತಿದೆ ಎಂಬುದೇ ಲೆಕ್ಕ.

ಆ ನಳಿಗೆಯನ್ನು ಚಿಕ್ಕ ಡಾಕ್ಟರೊಬ್ಬರು ಲ್ಯಾಬಿನ ಕಿಟಕಿಯಲ್ಲಿ ತೋರಿಸಿದರು. ಭಾವ ಅದರ ಮುಂದೆ ಮಂಡಿ ಬಗ್ಗಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು. ಶೆಡ್ಡಿನಲ್ಲಿ ನೋಡುವ ಹಾಗೆಯೇ. ಬಹಳ ಹೊತ್ತು ಎದ್ದೇಳಲಿಲ್ಲ. ಈ ಸಲ ನಳಿಗೆ ಯಾವುದು, ಯಾರು ತೊಳೆದರು ಎಂದು ಕೇಳಲಿಲ್ಲ.

ಮಗುವನ್ನು ಈಗಲೇ ಹೊರತೆಗೆಯಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ಬಸುರು ಮುಂದುವರಿದಷ್ಟೂ ಕಿಡ್ನಿ ಕೈಕೊಡುತ್ತದೆ, ತಾಯಿ ಉಳಿಯುವುದಿಲ್ಲ, ಆಮೇಲೆ ಮಗುವೂ ಉಳಿಯುವುದಿಲ್ಲ. ನೋವು ಬರಿಸಲು ಡ್ರಿಪ್ ಹಾಕುತ್ತೇವೆ.

ಅಕ್ಕ ಬೇಡ ಎಂದಳು.

ನಮ್ಮ ಕಡೆ ಒಂದು ಮಾತಿದೆ. ಏಳರ ಮಗು ಉಳಿಯುತ್ತದೆ, ಎಂಟರ ಮಗು ಉಳಿಯುವುದಿಲ್ಲ. ಇದನ್ನು ಹೇಳದ ಹೆಂಗಸನ್ನು ನಾನು ಆ ಕಾಲದಲ್ಲಿ ಕಂಡಿಲ್ಲ. ನಮ್ಮ ಅಮ್ಮನೂ ಹೇಳುತ್ತಿದ್ದಳು. ಅಕ್ಕನಿಗೆ ಎಂಟು ಮುಗಿದು ಒಂಬತ್ತಕ್ಕೆ ಬೀಳಲು ಇನ್ನು ಕೆಲವೇ ದಿನ ಉಳಿದಿದ್ದವು.

"ಅಮಾವಾಸ್ಯೆ ಕಳೀಲಿ ಡಾಕ್ಟ್ರೇ. ಒಂಬತ್ತಕ್ಕೆ ಬೀಳ್ಲಿ. ಅಲ್ಲಿವರೆಗೂ ನಾನು ಹಿಂಗೇ ಮಲಗಿರ್ತೀನಿ, ಅಲ್ಲಾಡಲ್ಲ."

"ನಿನ್ನ ಕಿಡ್ನಿಗೆ ಪಂಚಾಂಗ ಗೊತ್ತಿಲ್ಲಮ್ಮಾ" ಎಂದರು ಅವರು. ಒರಟಾಗಿ ಹೇಳಲಿಲ್ಲ. "ನಿನ್ನೆಯಿಂದ ಇವತ್ತಿಗೆ ಮೂತ್ರ ಎಷ್ಟು ಕಮ್ಮಿ ಆಗಿದೆ ನೋಡು. ನಾಳೆ ನಿಂತೇ ಹೋದ್ರೆ?"

ಅಕ್ಕ ಭಾವನ ಕಡೆ ನೋಡಿದಳು. ಭಾವ ಎರಡೂ ಕೈಯಿಂದ ಮಂಚದ ಕಂಬಿ ಹಿಡಿದಿದ್ದರು. "ನನಗೆ ನೀನು ಬೇಕು ಕಣೇ" ಎಂದರು. ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಆ ಕಾಲದ ಗಂಡಸರು, ಅದೂ ನಮ್ಮಂಥ ಮನೆಗಳಲ್ಲಿ, ಈ ಮಾತನ್ನು ಜನರ ಎದುರು ಆಡುತ್ತಿರಲಿಲ್ಲ. ಪಕ್ಕದ ಮಂಚದ ಅಜ್ಜಿ ಮುಖ ತಿರುಗಿಸಿಕೊಂಡಳು. ಅಕ್ಕ ಬಹಳ ಹೊತ್ತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದು, ಆಮೇಲೆ ಆ ಕೈಯನ್ನೇ ಡ್ರಿಪ್ಪಿಗೆ ಚಾಚಿದಳು.

ಹೆಣ್ಣು ಮಗು. ಹೆರಿಗೆಯ ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ, ಅಳು ಮಾತ್ರ ಕೇಳಿದೆ. ತೆಳ್ಳಗಿನ ಅಳು, ಬಾಗಿಲ ತಿರುಗುಣಿಯ ಸದ್ದಿನ ಹಾಗೆ. ಹತ್ತಿಯಲ್ಲಿ ಸುತ್ತಿ ಒಯ್ದರು. ಉಸಿರು ಇದೆ, ಚಿಕ್ಕದು, ನೋಡೋಣ ಎಂದರು ನರ್ಸು. ಆ ಹೊತ್ತಿನಲ್ಲಿ ನಾವು ಮಗುವಿಗೆ ಹೆದರಲಿಲ್ಲ. ಹೆದರಿಕೆಯೆಲ್ಲ ಇನ್ನೊಂದು ಕಡೆ ಇತ್ತು.

ಹೆರಿಗೆಯಾದ ಮೇಲೆ ಅಕ್ಕನಿಗೆ ಮೂತ್ರ ನಿಂತಿತು. ರಬ್ಬರ್ ನಳಿಕೆ ಹಾಕಿದ್ದರು. ಅದರ ತುದಿಯ ಸೀಸೆ ಮಂಚದ ಕೆಳಗಿತ್ತು. ನರ್ಸು ಬಂದು ಬಗ್ಗಿ ನೋಡಿ ಹೋಗುವರು. ತಳದಲ್ಲಿ ಚಹದ ಡಿಕಾಕ್ಷನ್ನಿನಂಥದ್ದು ಒಂದಿಷ್ಟು, ಅಷ್ಟೇ ಇತ್ತು. "ಕುಡಿಯಕ್ಕೆ ಕೊಡಬೇಡಿ, ಒಳಗೆ ಹೋದದ್ದು ಹೊರಗೆ ಬರ್ತಿಲ್ಲ" ಎಂದರು. ಅಕ್ಕನ ತುಟಿ ಒಡೆದಿತ್ತು. ನಾನು ಹತ್ತಿ ಒದ್ದೆ ಮಾಡಿ ಒರೆಸುತ್ತಿದ್ದೆ. ಅವಳು ಹತ್ತಿಯನ್ನು ಹೀರಲು ನೋಡುವಳು, ನಾನು ಎಳೆದುಕೊಳ್ಳುವೆ. ಚಿಕ್ಕ ಡಾಕ್ಟರು ಭಾವನನ್ನು ಹೊರಗೆ ಕರೆದು ಮಾತಾಡಿದರು. ಒಳಗೆ ಬಂದ ಭಾವ ನನಗೆ ಅದನ್ನು ಹೇಳಲಿಲ್ಲ. ಅಪ್ಪನಿಗೆ ಬರಲು ತಂತಿ ಕೊಟ್ಟು ಬಂದರು. ಅದರಿಂದ ತಿಳಿದುಕೊಂಡೆ.

ಮಧ್ಯಾಹ್ನ ಮನೆಯೊಡತಿ ಬುತ್ತಿ ಹಿಡಿದು ಬಸ್ಸಿನಲ್ಲಿ ಬಂದಳು. ಪರದೆಯೊಳಗೆ ಬಂದವಳು ಅಕ್ಕನ ಮುಖ ನೋಡಿ ಬುತ್ತಿಯನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. ಎಂಟು ಒಂಬತ್ತರ ಮಾತು ಅವಳು ಎತ್ತಲಿಲ್ಲ. ಅವಳು ಕೂತಲ್ಲಿಂದ ಮಂಚದ ಕೆಳಗಿನ ಸೀಸೆ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ನಾನು ಅಕ್ಕನನ್ನು ನೋಡುತ್ತಿದ್ದೆ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಕಿಟಕಿಯ ಬಿಸಿಲು ಪರದೆಯ ಆ ಕಡೆಗೆ ಸರಿದಿತ್ತು. ಅವಳು ನನ್ನ ಸೀರೆ ಎಳೆದಳು.

"ಮಗಾ, ಬತ್ತಾ ಅದೆ."

ನಾನು ಬಗ್ಗಿದೆ. ನಳಿಕೆಯ ತುದಿಯಲ್ಲಿ ಒಂದು ಹನಿ ತುಂಬಿ, ನೀಳವಾಗಿ, ಬಿತ್ತು. ಮತ್ತೊಂದು ತುಂಬುತ್ತಿತ್ತು. ಬಣ್ಣ ಮೊದಲಿನಷ್ಟು ಕಪ್ಪಿರಲಿಲ್ಲ. ಹನಿ ಹನಿ ಸೇರಿ ಎಳೆಯಾಯಿತು. ನರ್ಸನ್ನು ಕೂಗಲು ಹೋದ ಭಾವ ದಾರಿಯಲ್ಲಿ ಯಾರಿಗೋ ಡಿಕ್ಕಿ ಹೊಡೆದರು. ನರ್ಸು ಬಂದು ನೋಡಿ ಮೊದಲ ಸಲ ನಕ್ಕರು. ಸಂಜೆಯ ಹೊತ್ತಿಗೆ ಸೀಸೆ ಬದಲಿಸಬೇಕಾಯಿತು. ಮೂತ್ರಕ್ಕೆ ಕೈಮುಗಿದ ಹೆಂಗಸನ್ನು ನಾನು ನೋಡಿದ್ದು ಅದೊಂದೇ ಸಲ. "ತಾಯಿ, ಗಂಗಮ್ಮ" ಎಂದಳು ಮನೆಯೊಡತಿ. ಯಾರೂ ನಗಲಿಲ್ಲ.

ಮಗು ಉಳಿಯಿತು. ಅಕ್ಕ ಉಳಿದಳು. ಊತ ಇಳಿದ ಮೇಲೆ ಅವಳ ಕೆನ್ನೆಯ ಮೂಳೆ ಕಂಡು ಗುರುತೇ ಸಿಗದ ಹಾಗಾಗಿತ್ತು. ಮನೆಗೆ ಬಂದ ಮೇಲೆ ಇನ್ನೊಂದು ಸಂಕಟ. ಮಗುವಿನ ತೂಕ ಏರಲಿಲ್ಲ. ಸಾಲುಮನೆಯ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದ್ದು ಒಂದೇ ಮಾತು: ಮೈಯ ಸತ್ವವೆಲ್ಲ ಮೂತ್ರದಲ್ಲಿ ಹೋಗುವವಳ ಎದೆಹಾಲಿನಲ್ಲಿ ಏನಿದ್ದೀತು? ಮನೆಯೊಡತಿ ಎಮ್ಮೆಹಾಲಿಗೆ ನೀರು ಬೆರೆಸಿ ಕಾಯಿಸಿ ತಂದುಕೊಡುತ್ತಿದ್ದಳು. ಮಗು ಅತ್ತಾಗ ಅಕ್ಕ ಮೊದಲು ಹಾಲು ಕುಡಿಸುವ ಒಳಲೆ ತೆಗೆದುಕೊಳ್ಳುವಳು. ಎದೆ ಕಟ್ಟಿ ನೋವಾದಾಗ ಬಚ್ಚಲಿಗೆ ಹೋಗಿ ಹಿಂಡಿ ಬರುವಳು.

ಮೂರು ತಿಂಗಳಿಗೆ ಯಶವಂತಪುರದ ಡಾಕ್ಟರು ಬರಹೇಳಿದ್ದರು. ಬಸುರಿನಿಂದ ಹುಟ್ಟಿಕೊಂಡ ತೊಂದರೆಯಾದರೆ ಇಷ್ಟರೊಳಗೆ ಪ್ರೋಟೀನು ನಿಲ್ಲಬೇಕಂತೆ. ಭಾವ ಯಾವ ಬಾಟಲಿಯನ್ನೂ ತರಲಿಲ್ಲ. ಡಾಕ್ಟರು ತಮ್ಮದೇ ಲೋಟ ಕೊಟ್ಟರು, ತಾವೇ ಪರೀಕ್ಷೆ ಮಾಡಿದರು, ಬಂದು ಕೂತರು.

"ಕಮ್ಮಿ ಆಗಿದೆ. ಬಹಳ ಕಮ್ಮಿ. ಆದ್ರೆ ನಿಂತಿಲ್ಲ" ಎಂದರು. "ಬಸುರಿಗೆ ಮುಂಚೇನೇ ಕಿಡ್ನೀಲಿ ಏನೋ ಇತ್ತು ಅಂತ ಕಾಣುತ್ತೆ, ಯಾರಿಗೂ ಗೊತ್ತಾಗಿಲ್ಲ. ಉಪ್ಪು ಜೀವಮಾನ ಪೂರ್ತಿ ಕಮ್ಮಿ. ಆರಾರು ತಿಂಗಳಿಗೆ ಬಂದು ತೋರಿಸ್ಬೇಕು, ಬಿ.ಪಿ. ನೋಡಿಸ್ಕೊಳ್ಳೋದು ಬಿಡಂಗಿಲ್ಲ. ಇನ್ನೊಂದು ಮಗು..." ತಲೆ ಅಡ್ಡಡ್ಡ ಆಡಿಸಿದರು.

ಭಾವ, "ಬೇಡ ಮೇಡಂ. ಬೇಡವೇ ಬೇಡ" ಎಂದರು.

ಅಕ್ಕನಿಗೆ ಅದೊಂದೂ ಹೊಸದಾಗಿ ಕಂಡ ಹಾಗಿರಲಿಲ್ಲ. ಅವಳು ಬೇರೆಯದನ್ನು ಕೇಳಲು ಬಂದಿದ್ದಳು. ಮಗುವಿನ ತಲೆಯ ಬಟ್ಟೆ ಸರಿಮಾಡಿದಳು, ಮತ್ತೆ ಸರಿಮಾಡಿದಳು.

"ನನ್ನ ಮೈಯಿಂದ ಸತ್ವ ಹೋಗ್ತಿದೆಯಲ್ಲ ಡಾಕ್ಟ್ರೇ. ನನ್ನ ಹಾಲಲ್ಲಿ ಏನೂ ಇರಲ್ಲ ಅಂತಾರೆ. ಇದಕ್ಕೆ ಕುಡಿಸಬಹುದಾ, ಬೇಡವಾ?"

ಡಾಕ್ಟರು ಕನ್ನಡಕ ತೆಗೆದರು. "ಇಷ್ಟು ದಿನ ಏನು ಕುಡಿಸ್ತಿದ್ದೆ?"

"ಎಮ್ಮೆ ಹಾಲು. ನೀರು ಹಾಕಿ."

"ನಿನ್ನ ಹಾಲಲ್ಲಿ ಏನಿರಬೇಕೋ ಎಲ್ಲಾ ಇದೆ. ಮೂತ್ರದಲ್ಲಿ ಹೋಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀನು ಚೆನ್ನಾಗಿ ತಿನ್ನು, ಬೇಳೆ ತಿನ್ನು, ಮೊಟ್ಟೆ ತಿನ್ನೋರಾದ್ರೆ ತಿನ್ನು. ಮಗೂಗೆ ಎದೇದೇ ಕುಡಿಸು."

"ಖಂಡಿತಾನಾ?"

"ಖಂಡಿತ."

ಭಾವ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಅಕ್ಕ ಆ ಕುರ್ಚಿಯಲ್ಲೇ ಸೆರಗು ಮರೆಮಾಡಿಕೊಂಡು ಮಗುವನ್ನು ಎದೆಗೆ ಹಿಡಿದಳು. ಮಗುವಿಗೆ ಅಭ್ಯಾಸ ತಪ್ಪಿತ್ತು. ಬಾಯಿ ಅತ್ತ ಇತ್ತ ಹುಡುಕಿತು, ಅತ್ತಿತು, ಮತ್ತೆ ಹುಡುಕಿತು. ಹೊರಗೆ ಮುಂದಿನವರು ಬಾಗಿಲು ತಟ್ಟಿದರು. "ತಡೀರಿ" ಎಂದರು ಡಾಕ್ಟರು, ಮೇಜಿನಿಂದ ತಲೆ ಎತ್ತದೆ. ಆಮೇಲೆ ಕೋಣೆಯಲ್ಲಿ ಮಗು ನುಂಗುವ ಸದ್ದು ಕೇಳತೊಡಗಿತು.